ವೆಲ್ಡಿಂಗ್ ಕೆಲಸ: ನೀವೇ ಮಾಡಬೇಕೆ, ವೆಲ್ಡರ್‌ಗೆ ಒಪ್ಪಿಸಬೇಕೆ?

ಮುರಿದ ಗೇಟಿನ ತಿರುಗಣಿಯನ್ನು ಕೂಡಿಸುವುದಿರಲಿ, ಹೊಸದಾಗಿ ಒಂದು ಕಬ್ಬಿಣದ ಚೌಕಟ್ಟನ್ನು ಕಟ್ಟುವುದಿರಲಿ, ವೆಲ್ಡಿಂಗ್ ಕೆಲಸ ಎದುರಾದಾಗ ಹೆಚ್ಚಿನವರು ಮೊದಲು ಹಾಕುವ ಲೆಕ್ಕ ಹಣದ್ದು. ವೆಲ್ಡರ್ ಕೇಳುವ ಕೂಲಿಗೆ ಇನ್ನಷ್ಟು ಸೇರಿಸಿದರೆ ಒಂದು ಸಣ್ಣ ಇನ್ವರ್ಟರ್ ವೆಲ್ಡಿಂಗ್ ಯಂತ್ರವೇ ಬರುತ್ತದಲ್ಲ, ಕಲಿತಂತೆಯೂ ಆಗುತ್ತದಲ್ಲ ಎಂಬ ಆಲೋಚನೆ ಸಹಜವಾದದ್ದೇ. ಆದರೆ ಈ ಲೆಕ್ಕಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಬೆಸುಗೆ ಬಿಟ್ಟುಕೊಂಡರೆ ಏನಾಗುತ್ತದೆ, ಪೆಟ್ಟು ಯಾರಿಗೆ ಬೀಳುತ್ತದೆ? ಹಣ, ಸಮಯ, ಕೈಚಳಕ, ಯಂತ್ರದ ಸಾಮರ್ಥ್ಯ ಇವೆಲ್ಲವೂ ಮುಖ್ಯವೇ ಆದರೂ, ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲಷ್ಟೇ ಅವುಗಳ ಸರದಿ.

ಹೂಕುಂಡದ ಸ್ಟ್ಯಾಂಡು, ಉಪಕರಣಗಳನ್ನು ನೇತುಹಾಕುವ ಚೌಕಟ್ಟು, ಕೆಲಸದ ಮೇಜಿನ ಅಡ್ಡಪಟ್ಟಿ, ಬೇಲಿಯ ಸಣ್ಣ ಬಾಗಿಲು ಮುಂತಾದವುಗಳ ಬೆಸುಗೆ ಬಿಟ್ಟರೆ ಆಗುವುದು ಕಿರಿಕಿರಿ ಮಾತ್ರ. ಉಜ್ಜಿ ತೆಗೆದು ಮತ್ತೊಮ್ಮೆ ಕೂಡಿಸಿದರೆ ಮುಗಿಯಿತು. ಮಹಡಿಯ ಕಟಕಟೆ, ಮೆಟ್ಟಿಲು, ಮಕ್ಕಳ ಉಯ್ಯಾಲೆ, ಭಾರ ಎತ್ತುವ ಕೊಕ್ಕೆ, ಟ್ರೇಲರ್ ಎಳೆಯುವ ಕೊಂಡಿ, ವಾಹನದ ಚಾಸಿಸ್, ನೀರಿನ ಟ್ಯಾಂಕನ್ನು ಹೊತ್ತ ಕಂಬ, ಒತ್ತಡದಲ್ಲಿರುವ ಪೈಪು ಅಥವಾ ಸಿಲಿಂಡರು ಇವೆಲ್ಲ ಬೇರೆಯೇ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಒಂದು ಬೆಸುಗೆ ಸೋತರೆ ಯಾರದೋ ಕೈಕಾಲು, ಕೆಲವೊಮ್ಮೆ ಜೀವವೇ ಹೋಗಬಹುದು. ಎರಡನೆಯ ವರ್ಗದ ಕೆಲಸವನ್ನು ಹವ್ಯಾಸಿಗಳು ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ; ಕೂಲಿ ಎಷ್ಟೇ ಹೆಚ್ಚೆನಿಸಲಿ, ನಿಮ್ಮ ಕೈ ಎಷ್ಟೇ ಪಳಗಿದಂತೆ ಕಾಣಲಿ, ಇದರಲ್ಲಿ ರಿಯಾಯಿತಿ ಸಲ್ಲದು.

ಕಣ್ಣಿಗೆ ಕಾಣದ ದೋಷ

ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ಮರದ ಕೆಲಸದಲ್ಲಿ ಜೋಡಣೆ ಸಡಿಲವಾಗಿದ್ದರೆ ಕೈಯಿಂದ ಅಲುಗಾಡಿಸಿದಾಗ ತಿಳಿಯುತ್ತದೆ. ವೆಲ್ಡಿಂಗ್‌ನಲ್ಲಿ ಹಾಗಲ್ಲ. ಎರಡು ತುಂಡುಗಳ ಅಂಚು ಕರಗಿ, ಬೆಸುಗೆಗೆಂದು ಕರಗಿಸುವ ಲೇಪವಿರುವ ಕಡ್ಡಿಯ, ಅಂದರೆ ರಾಡಿನ, ಲೋಹದೊಂದಿಗೆ ಬೆರೆತು, ಒಂದೇ ಲೋಹವಾಗಿ ಗಟ್ಟಿಯಾದಾಗ ಮಾತ್ರ ಅದು ಬೆಸುಗೆ. ಕರೆಂಟು ಕಡಿಮೆಯಿದ್ದರೆ ಅಥವಾ ಕೈ ಅವಸರ ಮಾಡಿದರೆ ರಾಡಿನ ಲೋಹ ಮಾತ್ರ ಕರಗಿ, ಮೇಜಿನ ಮೇಲೆ ಬಿದ್ದ ಮೇಣದ ಹನಿಯಂತೆ, ಲೋಹದ ತಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಒಂದರ ಮೇಲೊಂದು ಅಲೆ ಬಂದ ಹಾಗೆ ಚಂದದ ಸಾಲೇ ಕಾಣಬಹುದು. ಕೈಯಿಂದ ಎಳೆದರೂ ಬಿಡುವುದಿಲ್ಲ. ಆದರೆ ನಿಜವಾದ ಭಾರ ಬಿದ್ದ ದಿನ, ಅಥವಾ ವರ್ಷಗಟ್ಟಲೆ ಅಲುಗಾಡಿ ಅಲುಗಾಡಿ ಸಣ್ಣ ಬಿರುಕು ಬೆಳೆದ ಮೇಲೆ, ಅದು ಮುನ್ಸೂಚನೆಯೇ ಇಲ್ಲದೆ ಕಳಚಿಕೊಳ್ಳುತ್ತದೆ. ಒಳ್ಳೆಯ ಉಕ್ಕು ಮುರಿಯುವ ಮೊದಲು ಬಾಗಿ ಎಚ್ಚರಿಸುತ್ತದೆ. ಬೆರೆಯದ ಬೆಸುಗೆ ಎಚ್ಚರಿಸುವುದಿಲ್ಲ.

ನಿಮ್ಮ ಕೈ ಎಲ್ಲಿದೆ ಎಂದು ತಿಳಿಯಲು ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಸುಮಾರು 5 ಮಿ.ಮೀ. ದಪ್ಪದ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಲಂಬವಾಗಿ ನಿಲ್ಲಿಸಿ, ಮೂಲೆಯ ಒಂದೇ ಬದಿಗೆ ಬೆಸುಗೆ ಹಾಕಿ, ತಾನಾಗಿಯೇ ಆರಲು ಬಿಡಿ. ಬಳಿಕ ಅಡಿಯ ಪಟ್ಟಿಯನ್ನು ವೈಸಿನಲ್ಲಿ ಬಿಗಿಹಿಡಿದು, ನಿಂತಿರುವ ಪಟ್ಟಿ ಬೆಸುಗೆಯಿರುವ ಬದಿಗೆ ಮಡಚಿಕೊಳ್ಳುವಂತೆ ಹಿಂಬದಿಯಿಂದ ಸುತ್ತಿಗೆಯಲ್ಲಿ ಹೊಡೆಯಿರಿ. ಹೀಗೆ ಹೊಡೆದಾಗ ಬೆಸುಗೆಯ ಬುಡವೇ ಬಾಯಿ ತೆರೆಯುತ್ತದೆ. ಪಟ್ಟಿ ಪೂರ್ತಿ ಮಡಚಿದರೂ ಬೆಸುಗೆ ಬಿಡದಿದ್ದರೆ ಒಳ್ಳೆಯದೇ. ಬಿಟ್ಟರೆ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಮುಖದ ತುಂಬ ಬೂದು ಬಣ್ಣದ ಹರಳುಹರಳಾದ ಲೋಹ ಕಂಡರೆ ಬೆಸುಗೆ ಬೆರೆತಿದೆ. ಬುಡದ ಉದ್ದಕ್ಕೂ ಪಟ್ಟಿಯ ಮೂಲ ಅಂಚು ನೇರವಾಗಿ, ನುಣುಪಾಗಿ, ಗ್ರೈಂಡರಿನ ಗೀರುಗಳೂ ಅಳಿಯದೆ ಹಾಗೆಯೇ ಉಳಿದಿದ್ದರೆ ಅಲ್ಲಿ ಲೋಹ ಕರಗಿಯೇ ಇಲ್ಲ. ನಡುವೆ ಗಾಜಿನಂತಹ ಕಪ್ಪು ಚೂರುಗಳಿದ್ದರೆ ಅದು ಸಿಕ್ಕಿಹಾಕಿಕೊಂಡ ಕಿಟ್ಟ, ಅಂದರೆ ರಾಡಿನ ಲೇಪ ಕರಗಿ ಗಟ್ಟಿಯಾದ ಕಸ. ದುಂಡನೆಯ ತೂತುಗಳಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ, ಅದಕ್ಕೆ ತುಕ್ಕು, ಬಣ್ಣ, ಎಣ್ಣೆ ಅಥವಾ ಒದ್ದೆಯಾದ ರಾಡು ಕಾರಣವಾಗಿರಬಹುದು. ಈ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಗೆಲ್ಲುವವರೆಗೆ, ಮುರಿದರೆ ನಷ್ಟವಾಗುವ ಯಾವುದಕ್ಕೂ ಕೈ ಹಾಕದಿರುವುದು ಲೇಸು. ಗೆದ್ದರೂ ಅದು ಆ ದಪ್ಪಕ್ಕೆ, ಆ ರಾಡಿಗೆ, ಆ ಭಂಗಿಗೆ ಮಾತ್ರ ಸಂದ ಗೆಲುವು. ಮೇಜಿನ ಮೇಲೆ ಮಲಗಿಸಿ ಹಾಕಿದ ಬೆಸುಗೆಗೂ ತಲೆಯ ಮೇಲಿರುವ ತೊಲೆಗೆ ಹಾಕುವ ಬೆಸುಗೆಗೂ ಬಹಳ ಅಂತರವಿದೆ.

ಯಾವ ಲೋಹ, ಎಷ್ಟು ದಪ್ಪ

ಎರಡನೆಯ ಪ್ರಶ್ನೆ ಲೋಹದ್ದು. ಗ್ರಿಲ್ಲು, ಆಂಗಲ್, ಚೌಕ ಪೈಪುಗಳಿಗೆ ಬಳಸುವ ಸಾಧಾರಣ ಮೆದು ಉಕ್ಕು ಕಲಿಯುವವರ ಪಾಲಿಗೆ ಅತ್ಯಂತ ಸಹನಶೀಲ ಲೋಹ. ಅದರಲ್ಲೂ 3ರಿಂದ 6 ಮಿ.ಮೀ. ದಪ್ಪದ ತುಂಡುಗಳಿಗೆ ಸಣ್ಣ ಆರ್ಕ್ ಯಂತ್ರ (ರಾಡಿನ ತುದಿಯಲ್ಲಿ ಆರ್ಕ್ ಎಂಬ ವಿದ್ಯುತ್ ಜ್ವಾಲೆ ಹೊತ್ತಿಸಿ ಬೆಸೆಯುವಂಥದ್ದು), 6013 ಸಂಖ್ಯೆಯ ರಾಡು ಸಾಕು. ಈ ಸಂಖ್ಯೆಯ ಮೊದಲ ಎರಡು ಅಂಕಿಗಳು, ಬೆಸುಗೆಯ ಲೋಹ ಪ್ರತಿ ಚದರ ಇಂಚಿಗೆ ಕನಿಷ್ಠ 60,000 ಪೌಂಡಿನಷ್ಟು ಎಳೆತವನ್ನು ತಾಳಬಲ್ಲದು ಎಂಬುದನ್ನು ಸೂಚಿಸುತ್ತವೆ. ಮೆದು ಉಕ್ಕಿಗೆ ಅಷ್ಟು ಸಾಕು. 2.5 ಮಿ.ಮೀ. ರಾಡಿಗೆ ಸುಮಾರು 60ರಿಂದ 90 ಆಂಪಿಯರ್, 3.15 ಮಿ.ಮೀ. ರಾಡಿಗೆ 90ರಿಂದ 130 ಆಂಪಿಯರ್ ಬೇಕಾಗುತ್ತದೆ. ದಪ್ಪ 1.5 ಮಿ.ಮೀ.ಗಿಂತ ಕಡಿಮೆಯಾದರೆ ರಾಡು ತಗುಲಿದಲ್ಲೆಲ್ಲ ತೂತು ಬೀಳುತ್ತದೆ. ತೀರಾ ದಪ್ಪವಾದರೆ ಅಂಚನ್ನು ಇಳಿಜಾರಾಗಿ ಉಜ್ಜಿ, ಸುತ್ತಿನ ಮೇಲೆ ಸುತ್ತು ಹಾಕಿ ತುಂಬಬೇಕಾಗುತ್ತದೆ. ಈ ಎರಡು ತುದಿಗಳಲ್ಲಿ ಪಳಗಿದ ಕೈಯೇ ಬೇಕು.

ಸತು ಲೇಪಿಸಿದ ಜಿಐ ಪೈಪನ್ನು ಮೆದು ಉಕ್ಕಿನಂತೆಯೇ ಎಂದು ಭಾವಿಸಿ ಬೆಸೆಯುವವರು ಬಹಳ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಹಾಗಾಗಿ ಉಕ್ಕು ಕರಗುವ ಹೊತ್ತಿಗೆ ಸತುವೆಲ್ಲ ಬಿಳಿಯ ಹೊಗೆಯಾಗಿ ಎದ್ದಿರುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು ಕಾಣಿಸಿಕೊಳ್ಳುತ್ತದೆ. ಲೇಪವನ್ನು ಬೆಸುಗೆಯ ಜಾಗದಿಂದ ಪೂರ್ತಿ ಉಜ್ಜಿ ತೆಗೆದು, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು, ಹೊಗೆ ಸೋಸುವ ಮುಖವಾಡ ಧರಿಸಿ ಮಾಡುವುದಾದರೆ ಸರಿ, ಇಲ್ಲವಾದರೆ ಬೇಡ.

ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ, ಬೀಡು ಕಬ್ಬಿಣ ಈ ಮೂರನ್ನು ಹೊಸಬರು ವೆಲ್ಡರ್‌ಗೆ ಬಿಡುವುದೇ ಒಳ್ಳೆಯದು. ಸ್ಟೇನ್‌ಲೆಸ್ ಬಿಸಿಗೆ ಬೇಗ ಸೊಟ್ಟಗಾಗುತ್ತದೆ, ಅದರ ಹೊಗೆಯಲ್ಲಿ ಕ್ಯಾನ್ಸರ್‌ಕಾರಕವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಕರಗಿದರೂ ಅದರ ಮೇಲ್ಮೈಯ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗೂ ಹೆಚ್ಚಿನ ಶಾಖ ಬೇಕು, ಮೇಲಾಗಿ ಕೆಂಪಗೆ ಕಾಯ್ದು ಸುಳಿವು ಕೊಡುವ ಗುಣ ಅದಕ್ಕಿಲ್ಲ, ನೋಡನೋಡುತ್ತಿದ್ದಂತೆ ಕುಸಿದುಬೀಳುತ್ತದೆ. ಎಸಿ ಕರೆಂಟಿನ ಟಿಗ್ ಯಂತ್ರ (ಕರಗದ ಟಂಗ್‌ಸ್ಟನ್ ಮೊನೆಯಿಂದ ಆರ್ಕ್ ಹೊತ್ತಿಸುವಂಥದ್ದು), ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಆರ್ಗಾನ್ ಅನಿಲ, ಎರಡೂ ಕೈ ಮತ್ತು ಒಂದು ಕಾಲಿನ ಹೊಂದಾಣಿಕೆ ಇದ್ದವರ ಕೆಲಸ ಅದು. ಬೀಡು ಕಬ್ಬಿಣದಲ್ಲಿ ಇಂಗಾಲದ ಅಂಶ ಸಾಮಾನ್ಯವಾಗಿ ಶೇಕಡಾ 2ರಿಂದ 4ರಷ್ಟಿರುವುದರಿಂದ, ಒಂದೆಡೆ ಕಾಯಿಸಿ ಹಾಗೆಯೇ ಆರಲು ಬಿಟ್ಟರೆ ಬೆಸುಗೆಯ ಪಕ್ಕದಲ್ಲೇ ಟಕ್ಕೆಂದು ಬಿರುಕು ಬಿಡುತ್ತದೆ. ಅದನ್ನು ಮೊದಲೇ ಕಾಯಿಸಿಕೊಂಡು, ನಿಕ್ಕಲ್ ರಾಡಿನಲ್ಲಿ ಚಿಕ್ಕಚಿಕ್ಕ ಬೆಸುಗೆ ಹಾಕಿ, ಒಣ ಮರಳಿನಲ್ಲಿ ಹೂತು ನಿಧಾನವಾಗಿ ಆರಿಸಬೇಕಾಗುತ್ತದೆ.

ವಾಹನಗಳ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಇಂದಿನ ಕಾರುಗಳ ಛಾವಣಿಯನ್ನು ಹೊರುವ ಕಂಬಗಳಲ್ಲಿ ಬಳಸುವ ಅತಿಬಲದ ಉಕ್ಕಿಗೆ ಕಾರ್ಖಾನೆಯಲ್ಲಿ ನಿಯಂತ್ರಿತ ಶಾಖ ಕೊಟ್ಟು ಬಲ ತುಂಬಿರುತ್ತಾರೆ. ಅಂದಾಜಿನ ಮೇಲೆ ಅದನ್ನು ಕಾಯಿಸಿದರೆ ಆ ಬಲ ಹೋಗುತ್ತದೆ, ಅಪಘಾತವಾದಾಗ ಆ ಭಾಗ ತಾನು ಮಾಡಬೇಕಾದ ಕೆಲಸ ಮಾಡುವುದಿಲ್ಲ. ಕಂಪನಿಯ ದುರಸ್ತಿ ಕೈಪಿಡಿ ನೋಡದೆ ಅಂತಹ ಭಾಗಕ್ಕೆ ಬೆಸುಗೆ ಹಾಕುವ ವೆಲ್ಡರ್‌ನನ್ನೂ ನಂಬಬಾರದು.

ದೇಹಕ್ಕೆ, ಮನೆಗೆ ಇರುವ ಅಪಾಯ

ಸ್ವಂತವಾಗಿ ಮಾಡುವುದೆಂದರೆ ಅಪಾಯವನ್ನೂ ಸ್ವಂತ ಮಾಡಿಕೊಳ್ಳುವುದು. ಆರ್ಕಿನ ಬೆಳಕಿನಲ್ಲಿರುವ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ, ಆದರೆ ನೋವು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಕೆಲವು ಗಂಟೆಗಳ ಬಳಿಕ, ಅನೇಕ ವೇಳೆ ಮಲಗಿದ ಮೇಲೆ, ಕಣ್ಣಿಗೆ ಮರಳು ಸುರಿದಂತೆ ಆಗುತ್ತದೆ. ಸಾಮಾನ್ಯ ಆರ್ಕ್ ಕೆಲಸಕ್ಕೆ 10ರಿಂದ 12ರ ದರ್ಜೆಯ ಕಪ್ಪು ಗಾಜು ಬೇಕು, ತಂಪು ಕನ್ನಡಕ ಯಾವ ಲೆಕ್ಕಕ್ಕೂ ಇಲ್ಲ. ಹತ್ತಿರ ನಿಂತು ನೋಡುವ ಮಕ್ಕಳಿಗೂ ಇದೇ ಅಪಾಯವಿದೆ ಎಂಬುದನ್ನು ಮರೆಯುವಂತಿಲ್ಲ. ಹೊಗೆಯ ವಿಚಾರಕ್ಕೆ ಬಂದರೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ಅಪರೂಪಕ್ಕೊಮ್ಮೆ ಮಾಡುವವರು ಇದರಿಂದ ಗಾಬರಿಯಾಗಬೇಕಿಲ್ಲ, ಆದರೆ ಮುಚ್ಚಿದ ಕೋಣೆಯಲ್ಲಿ ತಲೆಯನ್ನು ಹೊಗೆಯೊಳಗೆ ಬಗ್ಗಿಸಿ ಕೂರುವ ಅಭ್ಯಾಸವನ್ನು ಮೊದಲ ದಿನವೇ ಬಿಡಬೇಕು. ಬ್ರೇಕ್ ತೊಳೆಯುವ ಕ್ಲೋರಿನ್‌ಯುಕ್ತ ದ್ರಾವಕಗಳಿಂದ ಲೋಹವನ್ನು ಒರೆಸಿ ಬೆಸೆಯುವುದಂತೂ ತೀರಾ ಅಪಾಯ. ಆರ್ಕಿನ ಶಾಖ ಮತ್ತು ಕಿರಣಗಳಿಗೆ ಸಿಕ್ಕ ಅವುಗಳ ಆವಿಯಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಬೆಂಕಿಯ ಅಪಾಯವನ್ನು ಹವ್ಯಾಸಿಗಳು ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕಿಡಿಗಳು ಗೋಡೆಯ ಬಿರುಕು, ಮರದ ನೆಲದ ಸಂದು, ಹತ್ತಿಯ ರಾಶಿ ಎಲ್ಲೆಂದರಲ್ಲಿ ಸೇರಿ ಹೊಗೆಯಾಡುತ್ತಿರುತ್ತವೆ. ವೃತ್ತಿಪರರ ಸುರಕ್ಷತಾ ನಿಯಮಗಳು ಸುತ್ತಲಿನ ಸುಮಾರು 11 ಮೀಟರ್ ಜಾಗದಿಂದ ಉರಿಯುವ ವಸ್ತುಗಳನ್ನು ತೆರವು ಮಾಡಬೇಕೆಂದೂ, ಕೆಲಸ ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆಯಾದರೂ ಕಾವಲಿರಬೇಕೆಂದೂ ಹೇಳುತ್ತವೆ. ಒಂದು ಗಂಟೆ ಇದ್ದರೆ ಇನ್ನೂ ಕ್ಷೇಮ. ಪೆಟ್ರೋಲು, ಡೀಸೆಲ್, ಥಿನ್ನರ್ ತುಂಬಿದ್ದ ಟ್ಯಾಂಕು ಅಥವಾ ಡ್ರಮ್ಮು ಖಾಲಿಯಾಗಿ ವರ್ಷವಾಗಿದ್ದರೂ ಅದಕ್ಕೆ ಬೆಸುಗೆ ತಾಗಿಸಬಾರದು. ಒಳಗೆ ಉಳಿದ ಆವಿ ಸಿಡಿದು ಸತ್ತವರಲ್ಲಿ ಅನುಭವಿ ವೆಲ್ಡರ್‌ಗಳೂ ಇದ್ದಾರೆ. ಎಲ್ಲ ಕಡೆಯೂ ಮುಚ್ಚಿದ ಪೈಪಿಗೆ ಬೆಸುಗೆ ಹಾಕುವಾಗಲೂ ಒಳಗಿನ ಗಾಳಿ ಹಿಗ್ಗಿ ಸಿಡಿಯದಂತೆ ಮೊದಲು ಒಂದು ತೂತು ಕೊರೆಯಬೇಕು.

ಯಂತ್ರದ ತುದಿಯಲ್ಲಿ ಆರ್ಕ್ ಹೊತ್ತುವ ಮುನ್ನ ಸಾಮಾನ್ಯವಾಗಿ 60ರಿಂದ 80 ವೋಲ್ಟ್ ಇರುತ್ತದೆ. ಒಣ ಕೈಗವಸು, ಒಣ ಬೂಟು ಇದ್ದಾಗ ಅದು ಏನೂ ಮಾಡದು; ಬೆವರಿದ ಕೈ, ಒದ್ದೆ ನೆಲ, ಲೋಹದ ಮೇಲೆ ಊರಿದ ಮಂಡಿ ಇದ್ದಾಗ ಕೊಲ್ಲಬಲ್ಲದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಯಂತ್ರದ ಹತ್ತಿರವೂ ಹೋಗಬಾರದು.

ಹಣದ ಲೆಕ್ಕ

ಈಗ ಹಣದ ಮಾತು. ಯಂತ್ರದ ಬೆಲೆಯೊಂದನ್ನೇ ಕೂಲಿಯ ಪಕ್ಕದಲ್ಲಿಟ್ಟು ನೋಡುವುದು ಅರ್ಧ ಲೆಕ್ಕ. ಮುಖದ ಶೀಲ್ಡು, ಚರ್ಮದ ಕೈಗವಸು, ದಪ್ಪ ಹತ್ತಿಯ ಬಟ್ಟೆ, ಗ್ರೈಂಡರ್ ಮತ್ತು ಅದರ ಚಕ್ರಗಳು, ಕ್ಲ್ಯಾಂಪುಗಳು, ಕಿಟ್ಟ ತೆಗೆಯುವ ಸುತ್ತಿಗೆ, ತಂತಿ ಬ್ರಷ್ಷು, ಬೆಂಕಿ ಆರಿಸುವ ಸಾಧನ, ರಾಡುಗಳು, ಜೊತೆಗೆ ಯಂತ್ರ ಎಳೆಯುವ ಕರೆಂಟನ್ನು ತಾಳುವ ವೈರಿಂಗ್ ಎಲ್ಲವನ್ನೂ ಸೇರಿಸಬೇಕು. ಅಭ್ಯಾಸಕ್ಕೆಂದು ಹಾಳಾಗುವ ಕಬ್ಬಿಣವೂ ಖರ್ಚೇ. ಕೊಳ್ಳುವ ಯಂತ್ರದ ಮೇಲೆ ಬರೆದಿರುವ ಆಂಪಿಯರ್ ಅಂಕಿಗಿಂತ ಅದರ ಡ್ಯೂಟಿ ಸೈಕಲ್ ಎಷ್ಟೆಂದು ನೋಡಿ. ಅದನ್ನು 10 ನಿಮಿಷಗಳ ಅವಧಿಗೆ ಲೆಕ್ಕ ಹಾಕುತ್ತಾರೆ; 150 ಆಂಪಿಯರ್‌ಗೆ ಶೇಕಡಾ 30 ಎಂದಿದ್ದರೆ ಆ ಕರೆಂಟಿನಲ್ಲಿ 3 ನಿಮಿಷ ಬೆಸೆದು 7 ನಿಮಿಷ ಆರಲು ಬಿಡಬೇಕು. ಒಂದು ದಿನದಲ್ಲಿ ಮುಗಿಯುತ್ತದೆಂದುಕೊಂಡ ಕೆಲಸ ಎಳೆಯುವುದು ಇಂತಹ ಕಡೆಯಲ್ಲಿ.

ಒಂದೇ ಒಂದು ದುರಸ್ತಿಗಾಗಿ ಇಷ್ಟೆಲ್ಲ ಕೊಳ್ಳುವುದು ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ. ವರ್ಷದುದ್ದಕ್ಕೂ ಬೇಲಿ, ಸ್ಟ್ಯಾಂಡು, ಕೃಷಿ ಉಪಕರಣ ಎಂದು ಚಿಕ್ಕಪುಟ್ಟ ಕೆಲಸ ಬರುತ್ತಲೇ ಇರುವವರಿಗೆ, ಕರೆದಾಗಲೆಲ್ಲ ವೆಲ್ಡರ್ ಸಿಗದ ಕಡೆ ಇರುವವರಿಗೆ, ಕಬ್ಬಿಣದ ಕೆಲಸವನ್ನು ನಿಜಕ್ಕೂ ಇಷ್ಟಪಟ್ಟು ಕಲಿಯಬೇಕೆನ್ನುವವರಿಗೆ ಸ್ವಂತ ಯಂತ್ರ ಅರ್ಥಪೂರ್ಣ. ಅಂಥವರು ಆರ್ಕ್ ಯಂತ್ರದಿಂದ ಶುರುಮಾಡುವುದು ಒಳ್ಳೆಯದು ಎಂದು ನನಗನಿಸುತ್ತದೆ. ಮಿಗ್ ಯಂತ್ರದಲ್ಲಿ ರಾಡಿನ ಬದಲು ತಂತಿ ತಾನಾಗಿಯೇ ಬರುವುದರಿಂದ ಕೈ ಬೇಗ ಪಳಗುತ್ತದೆ, ನಿಜ. ಆದರೆ ಅನಿಲದ ಸಿಲಿಂಡರು ಬೇಕು, ಸ್ವಲ್ಪ ಗಾಳಿ ಬೀಸಿದರೂ ಅನಿಲದ ಹೊದಿಕೆ ಚದುರಿ ಬೆಸುಗೆಯಲ್ಲಿ ತೂತು ಬೀಳುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ದಪ್ಪ ಲೋಹದ ಮೇಲೆ ನೋಡಲು ಅಂದವಾದ, ಒಳಗೆ ಬೆರೆಯದ ಬೆಸುಗೆಯನ್ನು ಅದು ಸುಲಭವಾಗಿ ಹಾಕಿಕೊಡುತ್ತದೆ.

ನಡುವಿನ ದಾರಿ

ಇಡೀ ಕೆಲಸವನ್ನು ನೀವೇ ಮಾಡುವುದು ಅಥವಾ ಇಡೀ ಕೆಲಸವನ್ನು ಒಪ್ಪಿಸುವುದು, ಹೀಗೆ ಎರಡೇ ದಾರಿ ಎಂದು ತಿಳಿಯಬೇಕಿಲ್ಲ. ವೆಲ್ಡರ್‌ನ ಸಮಯದಲ್ಲಿ ದೊಡ್ಡ ಪಾಲು ಹೋಗುವುದು ಆರ್ಕ್ ಹೊತ್ತಿಸುವುದಕ್ಕಲ್ಲ. ಅಳತೆ ತೆಗೆಯುವುದು, ಕತ್ತರಿಸುವುದು, ತುಕ್ಕು ಬಣ್ಣ ಉಜ್ಜುವುದು, ಹೊಂದಿಸಿ ಕೂರಿಸುವುದು, ಕೊನೆಗೆ ನಯ ಮಾಡಿ ಬಣ್ಣ ಬಳಿಯುವುದಕ್ಕೆ. ಇವನ್ನು ನೀವು ಮಾಡಿಕೊಂಡು, ಬೆಸೆಯುವ ಅಂಚಿನಿಂದ ಎರಡು ಬದಿಗೂ 2 ಸೆಂ.ಮೀ.ಯಷ್ಟು ಹೊಳೆಯುವ ಲೋಹ ಕಾಣುವ ಹಾಗೆ ಉಜ್ಜಿ, ಬಿಡಿಸಬಹುದಾದ ಭಾಗವನ್ನು ಬಿಡಿಸಿ ವೆಲ್ಡರ್‌ನ ಅಂಗಡಿಗೇ ಒಯ್ದರೆ ಕೂಲಿ ಗಣನೀಯವಾಗಿ ಇಳಿಯುತ್ತದೆ, ಬೆಸುಗೆಯ ಗುಣವೂ ಹೆಚ್ಚುತ್ತದೆ. ಕೆಲಸ ಶುರುವಾಗುವ ಮೊದಲೇ, ಯಾವ ಅಂಚನ್ನು ಹೇಗೆ ಕತ್ತರಿಸಬೇಕು ಎಂದು ಅವರನ್ನೇ ಕೇಳಿಕೊಳ್ಳಿ. ನಿಮ್ಮ ಅಳತೆ ತಪ್ಪಿ ನಡುವೆ ದೊಡ್ಡ ಸಂದು ಉಳಿದರೆ ಉಳಿಸಿದ ಹಣ ಅಲ್ಲೇ ಹೋಗುತ್ತದೆ. ಕೆಲವು ಜೋಡಣೆಗಳಿಗೆ ಬೆಸುಗೆಯೇ ಬೇಕಿಲ್ಲ ಎಂಬುದನ್ನೂ ಯೋಚಿಸಿ. ಸರಿಯಾದ ಅಳತೆಯ ನಟ್ಟು ಬೋಲ್ಟು ಕೂರಿಸಿದ ಚೌಕಟ್ಟು, ಕೆಟ್ಟ ಬೆಸುಗೆಯ ಚೌಕಟ್ಟಿಗಿಂತ ಎಷ್ಟೋ ಮೇಲು, ಬೇಕಾದಾಗ ಬಿಚ್ಚಿಯೂ ಇಡಬಹುದು.

ವೆಲ್ಡರ್‌ನನ್ನು ಆರಿಸುವುದು

ಕೆಲಸವನ್ನು ಒಪ್ಪಿಸುವುದೆಂದು ತೀರ್ಮಾನಿಸಿದ ಮೇಲೂ ನಿಮ್ಮ ಹೊಣೆ ಮುಗಿಯುವುದಿಲ್ಲ, ಏಕೆಂದರೆ ವೃತ್ತಿಪರ ಎನ್ನಿಸಿಕೊಂಡವರೆಲ್ಲ ಒಂದೇ ಮಟ್ಟದವರಲ್ಲ. ಗ್ರಿಲ್ಲು, ಗೇಟಿನಂತಹ ಕೆಲಸಕ್ಕೆ ಅವರು ಹಿಂದೆ ಮಾಡಿದ್ದನ್ನು ಕಣ್ಣಾರೆ ನೋಡಿದರೆ ಸಾಕು. ಹೊಸದನ್ನಲ್ಲ, ಕೆಲವು ವರ್ಷ ಬಳಕೆಯಾಗಿರುವುದನ್ನು ನೋಡಿ. ಭಾರ ಹೊರುವ ಕಟ್ಟಡದ ಕೆಲಸಕ್ಕೆ ಅರ್ಹತಾ ಪರೀಕ್ಷೆಯ ದಾಖಲೆ ಕೇಳಲು ಸಂಕೋಚಪಡಬೇಡಿ. ಉಕ್ಕಿನ ಬೆಸುಗೆಗಾರರ ಪರೀಕ್ಷೆಗೆ ಐಎಸ್‌ಒ 9606-1, ಉಕ್ಕಿನ ಕಟ್ಟಡಗಳಿಗೆ ಎಡಬ್ಲ್ಯುಎಸ್ ಡಿ1.1, ಒತ್ತಡದ ಪಾತ್ರೆಗಳಿಗೆ ಎಎಸ್‌ಎಂಇ ಒಂಬತ್ತನೆಯ ವಿಭಾಗ ಬಳಕೆಯಲ್ಲಿರುವ ಪ್ರಮುಖ ಮಾನದಂಡಗಳು. ಇಂತಹ ಅರ್ಹತೆಯನ್ನು ನಿರ್ದಿಷ್ಟ ವಿಧಾನ, ದಪ್ಪ ಮತ್ತು ಭಂಗಿಗೆ ಕೊಡುತ್ತಾರೆ. ದಾಖಲೆಯಲ್ಲಿ 1ಜಿ ಎಂದಿದ್ದರೆ ಮಲಗಿಸಿದ ತಟ್ಟೆಗಳ ಜೋಡಣೆ, 3ಜಿ ಎಂದಿದ್ದರೆ ನಿಲುವಿನ ಜೋಡಣೆ, 4ಜಿ ಎಂದಿದ್ದರೆ ತಲೆಯ ಮೇಲಿನ ಜೋಡಣೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಆ ವಿಧಾನದ ಕೆಲಸ ಬಿಟ್ಟಿದ್ದರೆ ಅರ್ಹತೆ ಮುಂದುವರಿಯುವುದಿಲ್ಲ ಎಂಬುದನ್ನೂ ತಿಳಿದಿರಿ.

ಮಾತನಾಡುವಾಗಲೇ ಬಹಳಷ್ಟು ತಿಳಿಯುತ್ತದೆ. ಯಾವ ರಾಡು ಬಳಸುತ್ತೀರಿ, ಅದು ಯಾಕೆ ಎಂದು ಕೇಳಿ. ದಪ್ಪ ಉಕ್ಕಿಗೆ, ಭಾರದ ಕೆಲಸಕ್ಕೆ 7018 ಸಂಖ್ಯೆಯ ರಾಡು ಎಂದು ಅವರು ಹೇಳಿದರೆ, ರಾಡನ್ನು ಎಲ್ಲಿ ಇಟ್ಟಿರುತ್ತೀರಿ ಎಂದು ಕೇಳುವುದು ಮುಂದಿನ ಪ್ರಶ್ನೆ. ಈ ರಾಡಿನ ಲೇಪ ತೇವವನ್ನು ಹೀರಿಕೊಂಡರೆ ಬೆಸುಗೆಯೊಳಗೆ ಹೈಡ್ರೋಜನ್ ಸೇರಿ, ಗಟ್ಟಿ ಉಕ್ಕಿನಲ್ಲಿ ಒಂದೆರಡು ದಿನಗಳ ನಂತರ ಬಿರುಕು ಕಾಣಿಸಿಕೊಳ್ಳಬಹುದು. ಆದ್ದರಿಂದಲೇ ಪೊಟ್ಟಣ ಒಡೆದ ರಾಡುಗಳನ್ನು ಸುಮಾರು 120ರಿಂದ 150 ಡಿಗ್ರಿಯ ಓವನ್ನಿನಲ್ಲಿ ಇಡುತ್ತಾರೆ. ಬಲ್ಲವರು ಇಂತಹ ಪ್ರಶ್ನೆಗೆ ಸಂತೋಷದಿಂದಲೇ ಉತ್ತರಿಸುತ್ತಾರೆ. ಸತು ಲೇಪ ಉಜ್ಜದೆ, ಬಣ್ಣ ತೆಗೆಯದೆ ನೇರವಾಗಿ ರಾಡು ತಾಗಿಸುವವರಿಂದ, ಟ್ಯಾಂಕಿನಲ್ಲಿ ಏನಿತ್ತು ಎಂದು ವಿಚಾರಿಸದೆ ಒಪ್ಪಿಕೊಳ್ಳುವವರಿಂದ ದೂರವಿರಿ.

ಒಪ್ಪಂದದಲ್ಲಿ ಲೋಹದ ದಪ್ಪ, ಬೆಸುಗೆಯ ಉದ್ದ ಮತ್ತು ಗಾತ್ರ, ಸಾಮಗ್ರಿ ಯಾರದು, ಬಣ್ಣ ಸೇರಿದೆಯೇ, ಬೆಂಕಿಯ ಕಾವಲು ಯಾರು ಮಾಡುತ್ತಾರೆ ಎಂಬುದನ್ನು ಬರೆದುಕೊಳ್ಳಿ. ವಾಹನದ ಕೆಲಸವಾದರೆ ಬ್ಯಾಟರಿಯ ಸಂಪರ್ಕ ತೆಗೆಸಿ, ಅರ್ಥಿಂಗ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಹತ್ತಿರವೇ ಹಾಕಿಸಿ. ದೂರ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ಹರಿದು ಅವನ್ನು ಕೆಡಿಸುತ್ತದೆ. ಕೆಲಸ ಮುಗಿದಾಗ ಗ್ರೈಂಡರ್ ಹೊಡೆಯುವ ಮೊದಲೇ, ಕಿಟ್ಟ ತೆಗೆದ ಸ್ಥಿತಿಯಲ್ಲಿ ಬೆಸುಗೆಯನ್ನು ನೋಡಲು ಕೇಳಿಕೊಳ್ಳಿ. ಸಾಲು ಒಂದೇ ಅಗಲಕ್ಕಿದೆಯೇ, ಅಂಚಿನಲ್ಲಿ ತಟ್ಟೆ ಕೊರೆದು ಕಾಲುವೆಯಂತಾಗಿದೆಯೇ, ಸೂಜಿಮೊನೆಯಂತಹ ತೂತುಗಳಿವೆಯೇ, ಕೊನೆಯಲ್ಲಿ ಕುಳಿ ಬಿದ್ದು ಅದರೊಳಗೆ ಬಿರುಕಿದೆಯೇ ಎಂದು ಬೆಳಕು ಹಾಕಿ ನೋಡಿ. ಅನುಮಾನವಿದ್ದರೆ ಬಣ್ಣದ ದ್ರವ ಹಾಕಿ ಬಿರುಕು ತೋರಿಸುವ ಡೈ ಪೆನೆಟ್ರಂಟ್ ಪರೀಕ್ಷೆ ಮಾಡಿಸಬಹುದು. ಅದು ಮೇಲ್ಮೈಗೆ ತೆರೆದುಕೊಂಡ ದೋಷವನ್ನು ಮಾತ್ರ ಹಿಡಿಯುತ್ತದೆ, ಒಳಗಿನದನ್ನು ನೋಡಲು ಅಲ್ಟ್ರಾಸೋನಿಕ್ ಅಥವಾ ಎಕ್ಸ್‌ರೇ ಪರೀಕ್ಷೆಯೇ ಬೇಕು. ಇದೆಲ್ಲ ಸರಿಯೆನಿಸಿದ ನಂತರ ಪ್ರೈಮರ್ ಬಳಿಯಲು ಹೇಳಿ, ಉಳಿದ ಹಣವನ್ನು ಕೊಡಿ.